ಪ್ರತಿಯಿಲ್ಲದ ಕಲೆ: ಥೀಮ್ ಪಾರ್ಕಿನ ರೈಡುಗಳು ಬದಲಾದಾಗ ಅಭಿಮಾನಿಗಳು ವಾದಿಸುವುದೇನನ್ನು?

ಸಭಿಕರಿಗೆ ನಮಸ್ಕಾರ.

1971ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಡಿಸ್ನಿ ಸಂಸ್ಥೆಯ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕು ತೆರೆದಾಗ ಅದರೊಳಗೆ ‘ಮಿಸ್ಟರ್ ಟೋಡ್ಸ್ ವೈಲ್ಡ್ ರೈಡ್’ ಎಂಬ ಸವಾರಿಯೊಂದಿತ್ತು. ಮೋಟಾರು ಗಾಡಿಯ ಹುಚ್ಚು ಹತ್ತಿದ ನೆಲಗಪ್ಪೆಯೊಂದರ ಜಾಡಿನಲ್ಲಿ ನಾವೂ ಪುಟ್ಟ ಕಾರಿನಲ್ಲಿ ಕುಳಿತು, ಬಾಗಿಲುಗಳನ್ನು ನುಗ್ಗಿಕೊಂಡು ಹೋಗಿ, ಕತ್ತಲಲ್ಲಿ ಎದುರಾದ ರೈಲಿಗೆ ಡಿಕ್ಕಿ ಹೊಡೆದು, ಕಡೆಗೆ ನೇರವಾಗಿ ನರಕವನ್ನೇ ತಲುಪುವ ಸವಾರಿ ಅದು. ಮಕ್ಕಳ ನಲಿವಿಗೆಂದು ಕಟ್ಟಿದ ಜಾಗದಲ್ಲಿ ಸವಾರರನ್ನು ನರಕಕ್ಕೆ ಕಳುಹಿಸುವ ಎದೆಗಾರಿಕೆ ಇಂದಿನ ಯಾವ ಸಂಸ್ಥೆಗೂ ಇರಲಾರದು. ಅದನ್ನು ಮುಚ್ಚುತ್ತಾರೆಂಬ ಸುದ್ದಿ 1997ರಲ್ಲಿ ಹಬ್ಬಿದಾಗ ಅಭಿಮಾನಿಗಳು ಹಸಿರು ಅಂಗಿ ತೊಟ್ಟು, ಟಿಕೆಟ್ ಕೊಂಡು ಒಳಬಂದು, ಆ ರೈಡಿನ ಮುಂದೆಯೇ ಸೇರಿ ಶಾಂತವಾಗಿ ಪ್ರತಿಭಟಿಸಿದರು. ಆ ಕೂಟಗಳಿಗೆ ‘ಟೋಡ್-ಇನ್’ ಎಂದು ತಾವೇ ಹೆಸರಿಟ್ಟುಕೊಂಡರು. ಫಲ ಸಿಗಲಿಲ್ಲ. 1998ರ ಸೆಪ್ಟೆಂಬರ್ 7ರಂದು ರೈಡು ನಿಂತಿತು. ಮರುವರ್ಷ ಅದೇ ಕಟ್ಟಡದಲ್ಲಿ ವಿನ್ನಿ ದ ಪೂ ಕರಡಿಯ ರೈಡು ತೆರೆಯಿತು.

ಹೊರಗಿನಿಂದ ನೋಡುವವರಿಗೆ ಇದು ನಗು ತರಿಸುವ ಸಂಗತಿ. ಬೆಳೆದ ಮನುಷ್ಯರು ಕಪ್ಪೆಯ ಪರವಾಗಿ ಅಂಗಿ ತೊಟ್ಟು ನಿಲ್ಲುವುದೆಂದರೇನು? ನಾನು ಇಂದು ಹೇಳಹೊರಟಿರುವುದು ಇಷ್ಟೇ: ಈ ವಾದಗಳನ್ನು ಬಾಲ್ಯದ ಹಂಬಲವೆಂದು ಬದಿಗೆ ಸರಿಸಿದರೆ ಅವುಗಳೊಳಗೆ ನಡೆಯುತ್ತಿರುವ ಒಳ್ಳೆಯ ವಿಮರ್ಶೆ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಪುಸ್ತಕವೊಂದರ ಮುದ್ರಣ ನಿಂತುಹೋದರೂ ಯಾವುದಾದರೊಂದು ಗ್ರಂಥಾಲಯದಲ್ಲಿ ಅದರ ಪ್ರತಿ ಉಳಿದಿರುತ್ತದೆ. ನಾಟಕದ ಪ್ರಯೋಗ ಮುಗಿದರೂ ಅದರ ಪಠ್ಯ ಉಳಿಯುತ್ತದೆ, ಮತ್ತೊಂದು ತಂಡ ಅದನ್ನು ಆಡಬಹುದು. ರೈಡಿಗೆ ಅಂಥ ಪ್ರತಿಯೇ ಇಲ್ಲ. ಹಳಿ, ಕತ್ತಲು, ತಿರುವಿನಲ್ಲಿ ಮೈ ಒಂದು ಬದಿಗೆ ವಾಲುವುದು, ನೀರಿನ ವಾಸನೆ, ಮುಂದಿನ ಕೋಣೆಯಿಂದ ಮೊದಲೇ ಕೇಳಿಬರುವ ಹಾಡು, ಇವೆಲ್ಲ ಒಂದು ಕಟ್ಟಡದೊಳಗೆ ಮಾತ್ರ ಒಟ್ಟಾಗಿರುತ್ತವೆ. ಕಟ್ಟಡ ಹೋದರೆ ಕೃತಿಯೂ ಹೋಯಿತು.

‘ಮಪೆಟ್‌ವಿಷನ್ 3ಡಿ’ಯನ್ನೇ ನೋಡಿ. ಮಪೆಟ್ ಬೊಂಬೆಗಳನ್ನು ಸೃಷ್ಟಿಸಿದ ಜಿಮ್ ಹೆನ್ಸನ್ 1990ರ ಮೇ 16ರಂದು ತೀರಿಕೊಂಡರು. ಅವರೇ ನಿರ್ದೇಶಿಸಿದ್ದ ಈ ಪ್ರದರ್ಶನ ಸರಿಯಾಗಿ ಒಂದು ವರ್ಷದ ನಂತರ, ಅದೇ ದಿನಾಂಕದಂದು ಫ್ಲಾರಿಡಾದಲ್ಲಿ ತೆರೆಯಿತು. 2025ರ ಜೂನ್‌ನಲ್ಲಿ ಅದನ್ನು ಮುಚ್ಚಿದಾಗ ಕೆಲವರು ‘ಸಿನಿಮಾ ಉಳಿದೇ ಇರುತ್ತದಲ್ಲ’ ಎಂದು ಸಮಾಧಾನ ಹೇಳಿದರು. ಆದರೆ ಅಲ್ಲಿ ಸಿನಿಮಾ ಒಂದು ಭಾಗ ಮಾತ್ರವಾಗಿತ್ತು. ಪಕ್ಕದ ಬಾಲ್ಕನಿಯಲ್ಲಿ ಇಬ್ಬರು ಗೊಣಗು ಮುದುಕರ ಯಾಂತ್ರಿಕ ಬೊಂಬೆಗಳು ಕುಳಿತು ಪ್ರದರ್ಶನವನ್ನೇ ಹಳಿಯುತ್ತಿದ್ದವು, ಹಿಂದಿನ ಪ್ರೊಜೆಕ್ಟರ್ ಕೋಣೆಯಿಂದ ಅಡುಗೆಯವನ ಬೊಂಬೆ ತೋಪು ಹಾರಿಸುತ್ತಿತ್ತು, ಕೊನೆಯಲ್ಲಿ ಸಭಾಂಗಣದ ಗೋಡೆಗಳೇ ಒಡೆದಂತೆ ಕಾಣುತ್ತಿದ್ದವು. ಪರದೆಯ ಮೇಲಿನದನ್ನು ಮಾತ್ರ ಉಳಿಸಿಕೊಳ್ಳುವುದೆಂದರೆ ಯಕ್ಷಗಾನದ ಪದ್ಯಗಳನ್ನು ಇಟ್ಟುಕೊಂಡು ಕುಣಿತ, ವೇಷ, ಚೆಂಡೆಗಳನ್ನು ಕೈಬಿಟ್ಟಂತೆ.

ಹಾಗೆಂದು ಹಳೆಯದೆಲ್ಲ ಪವಿತ್ರವೇ? ಇಲ್ಲಿ ಅಭಿಮಾನಿಗಳು ಒಂದು ಮುಜುಗರದ ಸಂಗತಿಯನ್ನು ಎದುರಿಸಬೇಕಾಗುತ್ತದೆ. ಅವರು ಕಣ್ಣೀರಿಡುವ ರೈಡುಗಳಲ್ಲಿ ಅನೇಕವು ತಾವೂ ಒಂದು ಕಾಲಕ್ಕೆ ಇನ್ನೊಂದನ್ನು ಹೊರದಬ್ಬಿ ಬಂದವೇ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ ವೃತ್ತಾಕಾರದ ಸಭಾಂಗಣವೊಂದಿದೆ. ಅದರಲ್ಲಿ ರಂಗಗಳು ನಿಂತಲ್ಲೇ ನಿಂತಿದ್ದವು, ಪ್ರೇಕ್ಷಕರ ಆಸನಗಳು ಅವುಗಳ ಸುತ್ತ ತಿರುಗುತ್ತಿದ್ದವು. 1964ರ ನ್ಯೂಯಾರ್ಕ್ ವಿಶ್ವಮೇಳಕ್ಕೆಂದು ತಯಾರಾದ ‘ಕರೋಸೆಲ್ ಆಫ್ ಪ್ರೋಗ್ರೆಸ್’ ಪ್ರದರ್ಶನ 1967ರಿಂದ 1973ರವರೆಗೆ ಅಲ್ಲಿ ನಡೆದು, ಬಳಿಕ ಫ್ಲಾರಿಡಾಕ್ಕೆ ಹೋಯಿತು. ತೆರವಾದ ಜಾಗಕ್ಕೆ 1974ರಲ್ಲಿ ಹಾಡುವ ಪ್ರಾಣಿಗಳ ‘ಅಮೆರಿಕ ಸಿಂಗ್ಸ್’ ಬಂದಿತು. 1988ರಲ್ಲಿ ಅದೂ ನಿಂತಾಗ ಅದರ ಪ್ರಾಣಿಗಳಲ್ಲಿ ಬಹುಪಾಲು ಮರುವರ್ಷ ತೆರೆದ ‘ಸ್ಪ್ಲ್ಯಾಶ್ ಮೌಂಟನ್’ ರೈಡಿನೊಳಗೆ ಹೊಸ ಕಥೆಯ ಪಾತ್ರಗಳಾಗಿ ನಿಂತವು. ಎರಡು ಹೆಬ್ಬಾತುಗಳ ಪಾಡಂತೂ ಇನ್ನೂ ವಿಚಿತ್ರ: ಅವುಗಳ ಮೇಲುಹೊದಿಕೆ ಕಿತ್ತು, ಒಳಗಿನ ಲೋಹದ ಅಸ್ಥಿಪಂಜರವನ್ನು ‘ಸ್ಟಾರ್ ಟೂರ್ಸ್’ ರೈಡಿನ ಸರತಿ ಸಾಲಿನಲ್ಲಿ ರೋಬೋಟುಗಳಾಗಿ ನಿಲ್ಲಿಸಿದರು. ಸ್ಪ್ಲ್ಯಾಶ್ ಮೌಂಟನ್ ಉಳಿಸಿ ಎಂದು ಕೂಗಿದವರು ತಿಳಿದೋ ತಿಳಿಯದೆಯೋ ಅಮೆರಿಕ ಸಿಂಗ್ಸ್‌ನ ಬೊಂಬೆಗಳನ್ನೇ ಕಾಯಹೊರಟಿದ್ದರು.

1955ರ ಜುಲೈ 17ರಂದು ಡಿಸ್ನಿಲ್ಯಾಂಡನ್ನು ತೆರೆದ ವಾಲ್ಟ್ ಡಿಸ್ನಿ, ಈ ಪಾರ್ಕು ಎಂದಿಗೂ ಪೂರ್ಣಗೊಳ್ಳುವುದಿಲ್ಲ ಎಂಬರ್ಥದ ಮಾತನ್ನು ಹೇಳಿದ್ದರು. ಪ್ರತಿ ಬಾರಿ ಏನನ್ನಾದರೂ ಕೆಡವುವಾಗಲೂ ಈ ಮಾತನ್ನು ಯಾರಾದರೊಬ್ಬರು ಗುರಾಣಿಯಂತೆ ಎತ್ತಿ ಹಿಡಿಯುತ್ತಾರೆ. ಬದಲಾವಣೆ ಸಹಜವೆಂಬುದು ಆ ಮಾತಿನಿಂದ ಸಿದ್ಧವಾಗುತ್ತದೆ. ಕಣ್ಣೆದುರಿನ ಈ ಒಂದು ಬದಲಾವಣೆ ಒಳ್ಳೆಯದೆಂಬುದು ಸಿದ್ಧವಾಗುವುದಿಲ್ಲ. ಅದನ್ನು ಒಂದೊಂದಾಗಿಯೇ ಪರೀಕ್ಷಿಸಬೇಕು.

ಇತ್ತೀಚಿನ ದಶಕಗಳ ಅತಿ ದೊಡ್ಡ ಜಗಳ ಸ್ಪ್ಲ್ಯಾಶ್ ಮೌಂಟನ್‌ನದೇ ಆದ್ದರಿಂದ ಅಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಮರದ ದಿಮ್ಮಿಯಾಕಾರದ ದೋಣಿಯಲ್ಲಿ ಕುಳಿತು, ಗುಹೆಗಳ ಮೂಲಕ ತೇಲಿ, ಕೊನೆಗೆ ಸುಮಾರು 50 ಅಡಿ ಎತ್ತರದಿಂದ ನೀರಿಗೆ ಜಾರುವ ರೈಡು ಅದು. ಅದರ ಕಥೆ 1946ರ ‘ಸಾಂಗ್ ಆಫ್ ದ ಸೌತ್’ ಚಿತ್ರದ್ದು. ಗುಲಾಮಗಿರಿಯ ನಂತರದ ಕಾಲದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದ ತೋಟವೊಂದರಲ್ಲಿ ಕರಿಯ ಜನರು ನೆಮ್ಮದಿಯಾಗಿದ್ದರೆಂದು ತೋರಿಸುವ ಆ ಚಿತ್ರವನ್ನು ಸಂಸ್ಥೆಯೇ ಅಮೆರಿಕದಲ್ಲಿ ವಿಡಿಯೊ ರೂಪದಲ್ಲಿ ಎಂದೂ ಮಾರಾಟಕ್ಕೆ ಬಿಟ್ಟಿಲ್ಲ. ರೈಡಿನಲ್ಲಿ ಮನುಷ್ಯ ಪಾತ್ರಗಳಿರಲಿಲ್ಲ, ಮೊಲ, ನರಿ, ಕರಡಿಗಳಷ್ಟೇ ಇದ್ದವು. 2020ರ ಜೂನ್‌ನಲ್ಲಿ ಸಂಸ್ಥೆ ಅದನ್ನು 2009ರ ಚಿತ್ರವೊಂದರ ನಾಯಕಿಯೂ ತನ್ನ ಮೊದಲ ಕರಿಯ ರಾಜಕುಮಾರಿಯೂ ಆದ ಟಿಯಾನಾಳ ರೈಡಾಗಿ ಬದಲಿಸುವುದಾಗಿ ಪ್ರಕಟಿಸಿತು. ಅಮೆರಿಕದ ಎರಡೂ ಪಾರ್ಕುಗಳಲ್ಲಿ ಹಳೆಯದು 2023ರಲ್ಲಿ ನಿಂತಿತು, ಹೊಸದು 2024ರಲ್ಲಿ ತೆರೆಯಿತು. ಎರಡು ಬಣಗಳೂ ಮನವಿಪತ್ರಗಳಿಗೆ ಸಹಿ ಹಾಕಿದವು, ಎರಡು ಬಣಗಳೂ ಎದುರಾಳಿಯ ಮನಸ್ಸನ್ನು ಓದಿದವರಂತೆ ಮಾತಾಡಿದವು.

ಮೂಲ ಚಿತ್ರದ ವಿಚಾರದಲ್ಲಿ ನನ್ನ ನಿಲುವು ಸ್ಪಷ್ಟ: ತಾನೇ ತೋರಿಸಲು ನಾಚುವ ಚಿತ್ರದ ಮೇಲೆ ಒಂದು ಬೆಟ್ಟವನ್ನು ನಿಲ್ಲಿಸಿಕೊಂಡು ಇರುವುದು ಯಾವ ಸಂಸ್ಥೆಗೂ ಶೋಭೆಯಲ್ಲ, ಅದು ಬದಲಾಗಬೇಕಿತ್ತು. ಆದರೆ ಹೊಸ ರೈಡು ತೆರೆದ ಮೇಲೆ ಹುಟ್ಟಿದ ಟೀಕೆಯಲ್ಲಿ ಹಠ ಹಿಡಿದವರ ದನಿಯ ನಡುವೆ ನಿಜವಾದ ಕಸುಬಿನ ಮಾತೊಂದು ಇತ್ತು. ಹಳೆಯ ರೈಡಿನಲ್ಲಿ ಆ ಜಾರುವಿಕೆಗೆ ಕಥೆಯೊಳಗೆ ಕಾರಣವಿತ್ತು. ನರಿಯ ಕೈಗೆ ಸಿಕ್ಕ ಮೊಲ, ‘ಏನು ಬೇಕಾದರೂ ಮಾಡು, ಆ ಮುಳ್ಳಿನ ಪೊದೆಗೆ ಮಾತ್ರ ಎಸೆಯಬೇಡ’ ಎಂದು ಅಂಗಲಾಚುತ್ತದೆ, ನರಿ ಎಸೆಯುತ್ತದೆ, ಮುಳ್ಳಿನ ಪೊದೆಯಲ್ಲೇ ಹುಟ್ಟಿ ಬೆಳೆದ ಮೊಲ ಪಾರಾಗುತ್ತದೆ. ದೋಣಿ ಕೆಳಕ್ಕೆ ಜಾರುವ ಕ್ಷಣದಲ್ಲಿ ಸವಾರನೇ ಆ ಮೊಲ. ಹತ್ತುವಾಗಿನ ಹೆದರಿಕೆ, ಬೀಳುವಾಗಿನ ಚೀತ್ಕಾರ, ಬಿದ್ದ ಮೇಲಿನ ನಗು, ಮೂರಕ್ಕೂ ಕಥೆ ಹೊಂದಿಕೊಂಡಿತ್ತು. ಹೊಸ ರೈಡಿನಲ್ಲಿ ಟಿಯಾನಾ ಹಬ್ಬದ ಕೂಟಕ್ಕೆ ವಾದ್ಯಗಾರರನ್ನು ಹುಡುಕುತ್ತಾಳೆ, ಮಾಮಾ ಓಡಿ ಎಂಬ ಮಾಂತ್ರಿಕ ಮುದುಕಿ ನಮ್ಮನ್ನು ಕಪ್ಪೆಯಷ್ಟು ಚಿಕ್ಕವರನ್ನಾಗಿ ಮಾಡಿ, ಮತ್ತೆ ಮೊದಲಿನ ಗಾತ್ರಕ್ಕೆ ತರುವ ಹೊತ್ತಿಗೆ ದೋಣಿ ಜಾರುತ್ತದೆ. ಕೇಡಿಗನಿಲ್ಲ, ಅಪಾಯವಿಲ್ಲ. ಬೊಂಬೆಗಳ ಚಲನೆ ಹಿಂದೆಂದೂ ಕಾಣದಷ್ಟು ನಯವಾಗಿದೆ, ಸಂಗೀತ ಚೆನ್ನಾಗಿದೆ. ಬೀಳುವುದೇಕೆ ಎಂಬುದಕ್ಕೆ ಮಾತ್ರ ಗಟ್ಟಿಯಾದ ಉತ್ತರವಿಲ್ಲ. ಟಿಯಾನಾ ಇದಕ್ಕಿಂತ ಉತ್ತಮ ಕಥೆಗೆ ಅರ್ಹಳಾಗಿದ್ದಳು ಎಂದು ವಾದಿಸಿದವರನ್ನು ಹಳೆಯ ಚಿತ್ರದ ಬೆಂಬಲಿಗರೊಂದಿಗೆ ಒಂದೇ ಕಂಬಕ್ಕೆ ಕಟ್ಟಿದ್ದು ಈ ಜಗಳದಲ್ಲಿ ಆದ ದೊಡ್ಡ ಅನ್ಯಾಯ.

ಜಾಗದ ಔಚಿತ್ಯದ ಪ್ರಶ್ನೆ ಬೇರೆಯದು. ಫ್ಲಾರಿಡಾದಲ್ಲೇ ಇರುವ ಡಿಸ್ನಿಯ ಎಪ್‌ಕಾಟ್ ಪಾರ್ಕಿನಲ್ಲಿ ನಿಜವಾದ ದೇಶಗಳನ್ನು ಪರಿಚಯಿಸುವ 11 ಮಂಟಪಗಳಿವೆ. ನಾರ್ವೆಯ ಮಂಟಪದಲ್ಲಿ 1988ರಿಂದ ಇದ್ದ ‘ಮೇಲ್‌ಸ್ಟ್ರಾಮ್’ ದೋಣಿ ರೈಡು 2014ರಲ್ಲಿ ನಿಂತು, 2016ರಲ್ಲಿ ಅದೇ ಕಾಲುವೆಯಲ್ಲಿ ‘ಫ್ರೋಜನ್’ ಚಿತ್ರದ ರೈಡು ಬಂದಿತು. ಆ ಚಿತ್ರದ ರಾಜ್ಯ ನಾರ್ವೆಯಿಂದ ಸ್ಫೂರ್ತಿ ಪಡೆದದ್ದು ನಿಜವಾದರೂ ನಕಾಶೆಯಲ್ಲಿ ಎಲ್ಲೂ ಇಲ್ಲ. ಹಳೆಯ ರೈಡು ಅಷ್ಟೇನೂ ಅದ್ಭುತವಾಗಿರಲಿಲ್ಲ, ಅದನ್ನು ಅಭಿಮಾನಿಗಳೇ ಒಪ್ಪುತ್ತಾರೆ. ಆದರೂ ಒಂದು ದೇಶದ ಮನೆಯೊಳಗೆ ಕಟ್ಟುಕಥೆಯನ್ನು ಒಕ್ಕಲು ಕೂರಿಸಿದರಲ್ಲ ಎಂಬ ಅವರ ಆಕ್ಷೇಪಕ್ಕೆ ಹೊಸ ರೈಡಿನ ಮುಂದೆ ನಿಂತ ಉದ್ದನೆಯ ಸಾಲು ಉತ್ತರವಾಗುವುದಿಲ್ಲ.

ಇನ್ನು ಸಾಲುಗಳ ಲೆಕ್ಕ. ಪಾರ್ಕಿನ ಒಳಗನ್ನು ಬಲ್ಲ ಅಭಿಮಾನಿಗಳು ಒಂದು ರೈಡನ್ನು ಅಳೆಯುವಾಗ ಗಂಟೆಗೆ ಅದು ಎಷ್ಟು ಜನರನ್ನು ಸಾಗಿಸುತ್ತದೆಂದು ಮೊದಲು ಕೇಳುತ್ತಾರೆ. ದೊಡ್ಡ ಸಭಾಂಗಣದ ಪ್ರದರ್ಶನ ಒಂದೇ ಹೊತ್ತಿಗೆ ನೂರಾರು ಜನರನ್ನು ನೆರಳಿನಲ್ಲಿ ಕೂರಿಸುತ್ತದೆ. ಅದನ್ನು ಮುಚ್ಚಿದರೆ ಆ ನೂರಾರು ಜನ ಉಳಿದ ರೈಡುಗಳ ಸಾಲಿಗೆ ಸೇರುತ್ತಾರೆ. ‘ಯಾರೂ ನೋಡದ’ ಹಳೆಯ ಪ್ರದರ್ಶನ ತೆಗೆದರೆ ನಷ್ಟವೇನು ಎನ್ನುವವರು ಇದನ್ನು ಮರೆಯುತ್ತಾರೆ. 2025ರ ಜುಲೈನಲ್ಲಿ ಮ್ಯಾಜಿಕ್ ಕಿಂಗ್‌ಡಮ್ಮಿನ ‘ರಿವರ್ಸ್ ಆಫ್ ಅಮೆರಿಕ’ ಎಂಬ ಕೃತಕ ನದಿಯನ್ನೂ ಅದರ ನಡುವಿನ ಟಾಮ್ ಸಾಯರ್ ದ್ವೀಪವನ್ನೂ, ಅಲ್ಲಿ ಸುತ್ತುತ್ತಿದ್ದ ಉಗಿದೋಣಿಯನ್ನೂ ‘ಕಾರ್ಸ್’ ಚಿತ್ರದ ಪ್ರದೇಶಕ್ಕಾಗಿ ಮುಚ್ಚಿದಾಗ ನಡೆದ ವಾದ ಇನ್ನೂ ಸೂಕ್ಷ್ಮವಾದದ್ದು. ಅಲ್ಲಿ ಕಳೆದುಹೋದದ್ದು ಒಂದು ರೈಡು ಎನ್ನುವುದಕ್ಕಿಂತ ಒಂದು ಬಯಲು: ನೀರಿನ ಮೇಲೆ ಹಾಯುವ ದೃಷ್ಟಿ, ಸದ್ದಿನಿಂದ ದೂರ ನಿಲ್ಲುವ ಅವಕಾಶ. ದ್ವೀಪಕ್ಕೆ ಹೋಗುವವರು ಕಡಿಮೆ ಎಂಬ ಸಮರ್ಥನೆ ಬಂದಾಗ, ಜನ ಕಡಿಮೆ ಇರುವುದೇ ಆ ಜಾಗದ ಗುಣವಾಗಿತ್ತು ಎಂದು ಒಬ್ಬರಲ್ಲ ಒಬ್ಬರು ಹೇಳಿಯೇ ಹೇಳಿದರು. ನನಗೆ ಅದು ಸರಿಯಾದ ಮಾತೆನಿಸುತ್ತದೆ.

ರಂಗಪ್ರದರ್ಶನಗಳ ವಿಷಯದಲ್ಲಿ ನಷ್ಟ ಮತ್ತಷ್ಟು ಪೂರ್ಣ. ಡಿಸ್ನಿ ಕ್ಯಾಲಿಫೋರ್ನಿಯಾ ಅಡ್ವೆಂಚರ್ ಪಾರ್ಕಿನ ಹೈಪೀರಿಯನ್ ರಂಗಮಂದಿರದಲ್ಲಿ 2003ರಿಂದ 2016ರ ಜನವರಿಯವರೆಗೆ ಅಲ್ಲಾದೀನನ ಸಂಗೀತನಾಟಕ ನಡೆಯಿತು. ಅದರಲ್ಲಿ ದೀಪದ ಭೂತದ ಪಾತ್ರಧಾರಿ ಆಯಾ ದಿನದ ಸುದ್ದಿಗಳನ್ನು ಹಿಡಿದು ಹೊಸ ಹಾಸ್ಯವನ್ನು ಹೊಸೆಯುತ್ತಿದ್ದ. ಆದ್ದರಿಂದ ಎರಡನೆಯ ಬಾರಿ, ಹತ್ತನೆಯ ಬಾರಿ ಹೋದವರಿಗೂ ನಾಟಕ ಹಳಸುತ್ತಿರಲಿಲ್ಲ. ಅದರ ಜಾಗಕ್ಕೆ ಬಂದ ಫ್ರೋಜನ್ ನಾಟಕ ದೃಶ್ಯವೈಭವದಲ್ಲಿ ಯಾವುದಕ್ಕೂ ಕಡಿಮೆ ಇರಲಿಲ್ಲ, ಆದರೆ ಅದು 2020ರ ಮಾರ್ಚ್‌ನಲ್ಲಿ ಪಾರ್ಕು ಮುಚ್ಚಿದಾಗ ನಿಂತದ್ದು ಮತ್ತೆ ಏಳಲಿಲ್ಲ. ಯಂತ್ರಕ್ಕೆ ಒಮ್ಮೆ ಹಣ ಹಾಕಿದರೆ ವರ್ಷಗಟ್ಟಲೆ ಓಡುತ್ತದೆ. ನಟ, ನರ್ತಕ, ತೆರೆಮರೆಯ ಕೆಲಸಗಾರರಿಗೆ ದಿನವೂ ಸಂಬಳ ಕೊಡಬೇಕು. ಖರ್ಚು ಕಡಿತದ ಕತ್ತರಿ ಮೊದಲು ರಂಗಕ್ಕೇ ತಗಲುತ್ತದೆ. ರೈಡಿಗೆ ರೈಡು ಬರುತ್ತದೆಂಬ ಭರವಸೆಯಾದರೂ ಇರುತ್ತದೆ, ನಾಟಕದ ಜಾಗಕ್ಕೆ ಬೀಗವೂ ಬರಬಹುದು.

ಅಭಿಮಾನಿಗಳ ಕೂಗು ಎಂದೂ ಗೆದ್ದಿಲ್ಲವೇ? ಒಂದೆರಡು ಬಾರಿ ಗೆದ್ದಿದೆ. ಎಪ್‌ಕಾಟ್‌ನ ‘ಜರ್ನಿ ಇನ್‌ಟು ಇಮ್ಯಾಜಿನೇಷನ್’ ರೈಡಿನಿಂದ 1999ರಲ್ಲಿ ಫಿಗ್ಮೆಂಟ್ ಎಂಬ ನೇರಳೆ ಡ್ರ್ಯಾಗನ್ ಮರಿಯನ್ನು ಬಹುಮಟ್ಟಿಗೆ ಹೊರಹಾಕಿದಾಗ ಎದ್ದ ಅಸಮಾಧಾನ ಎಷ್ಟಿತ್ತೆಂದರೆ 2001ರಲ್ಲಿ ರೈಡನ್ನು ಮತ್ತೆ ಮುಚ್ಚಿ, 2002ರಲ್ಲಿ ಮರಿಯನ್ನು ಮರಳಿ ತರಲಾಯಿತು. ಅದನ್ನು ಕಥೆಯಲ್ಲಿ ಸೃಷ್ಟಿಸಿದ್ದ ಕೆಂಪುಗಡ್ಡದ ‘ಡ್ರೀಮ್‌ಫೈಂಡರ್’ ಮಾತ್ರ ಆ ರೈಡಿಗೆ ಮರಳಲಿಲ್ಲ. ಫ್ಲಾರಿಡಾದ ಟಿಕಿ ರೂಮಿನ ಹಾಡುವ ಹಕ್ಕಿಗಳ ನಡುವೆ 1998ರಲ್ಲಿ ಸಿನಿಮಾದ ಎರಡು ಹಕ್ಕಿಗಳನ್ನು ‘ಹೊಸ ಮಾಲೀಕರು’ ಎಂದು ತಂದು ಕೂರಿಸಿದ್ದರು. ಅಭಿಮಾನಿಗಳು ಹದಿಮೂರು ವರ್ಷ ಮೂಗು ಮುರಿದರೂ ಆಗದ ಕೆಲಸವನ್ನು 2011ರ ಜನವರಿಯ ಒಂದು ಸಣ್ಣ ಬೆಂಕಿ ಮಾಡಿತು. ಅದೇ ವರ್ಷ ಹಳೆಯ ಪ್ರದರ್ಶನ ಕೊಂಚ ಮೊಟಕಾಗಿ ಮರಳಿತು.

ಉಳಿದ ಕಡೆಗಳಲ್ಲಿ ದೊರೆಯುವುದು ಕುರುಹುಗಳು. ಫ್ಲಾರಿಡಾದ ಪೂ ರೈಡಿನ ಗೋಡೆಯ ಚಿತ್ರವೊಂದರಲ್ಲಿ ನೆಲಗಪ್ಪೆ ಮನೆಯ ಹಕ್ಕುಪತ್ರವನ್ನು ಗೂಬೆಗೆ ಒಪ್ಪಿಸುತ್ತಿದೆ. ಯೂನಿವರ್ಸಲ್ ಪಾರ್ಕಿನಲ್ಲಿ ಕಿಂಗ್ ಕಾಂಗ್ ರೈಡಿನ ಜಾಗಕ್ಕೆ 2004ರಲ್ಲಿ ಬಂದ ಮಮ್ಮಿ ರೈಡಿನ ನಿಧಿಯ ರಾಶಿಯಲ್ಲಿ ಕಾಂಗ್‌ನ ಪುಟ್ಟ ಚಿನ್ನದ ವಿಗ್ರಹವಿದೆ. ಇವನ್ನು ಕಣ್ಣೊರೆಸುವ ತಂತ್ರವೆಂದು ನಾನೂ ಬಹುಕಾಲ ಭಾವಿಸಿದ್ದೆ. ಆದರೆ ಇಂಥ ಕುರುಹುಗಳನ್ನು ಇಡುವವರು ಲೆಕ್ಕಪತ್ರ ನೋಡುವವರಲ್ಲ, ವಿನ್ಯಾಸಕಾರರು. ಅವರಲ್ಲಿ ಎಷ್ಟೋ ಮಂದಿ ಒಂದು ಕಾಲಕ್ಕೆ ಆ ಹಳೆಯ ರೈಡುಗಳಲ್ಲಿ ಕುಳಿತ ಮಕ್ಕಳೇ. ಕ್ಯಾಲಿಫೋರ್ನಿಯಾದಲ್ಲಿ 2001ರಲ್ಲಿ ನಿಂತ ಕರಡಿಗಳ ಸಂಗೀತ ಪ್ರದರ್ಶನದ ಗೋಡೆಯ ಮೇಲೆ ಜಿಂಕೆ, ಕಾಡುಕೋಣ, ಮೂಸ್‌ಗಳ ಮಾತನಾಡುವ ತಲೆಗಳಿದ್ದವು. ಈಗ ಅಲ್ಲಿರುವ ಪೂ ರೈಡಿನಲ್ಲಿ ಕನಸಿನ ಕೋಣೆಯನ್ನು ದಾಟಿದೊಡನೆ ಕುಳಿತಲ್ಲೇ ಹಿಂದಿರುಗಿ ಮೇಲೆ ನೋಡಿದರೆ, ಕಮಾನಿನ ಹಿಂಬದಿಯ ಕತ್ತಲಲ್ಲಿ ಆ ಮೂರೂ ತಲೆಗಳು ಇನ್ನೂ ನೇತಾಡುತ್ತಿವೆ. ಗಾಡಿ ಅಲ್ಲಿ ನಿಲ್ಲುವುದಿಲ್ಲ, ಯಾವ ಫಲಕವೂ ಇಲ್ಲ. ಬಲ್ಲವರು ಪಕ್ಕದಲ್ಲಿ ಕುಳಿತವರ ಭುಜ ತಟ್ಟಿ ತೋರಿಸುತ್ತಾರೆ.