ಹಳೆ ಬೈಕಿನ ಕೋನ್ ಸೆಟ್ ನಾವೇ ಬದಲಿಸುವುದು

ಕೇಳುಗರಿಗೆ ನಮಸ್ಕಾರ.

ದೇವಿಮನೆ ಘಟ್ಟ ಇಳಿಯುವಾಗ ಮುಂದಿನ ಬ್ರೇಕ್ ಹಿಡಿದರೆ ಹ್ಯಾಂಡಲ್ ಬುಡದಲ್ಲಿ ‘ಟಕ್’ ಅನ್ನುತ್ತದೆಯೇ? ಕುಮಟಾ ಪೇಟೆಯೊಳಗೆ ನಿಧಾನ ಹೋಗುವಾಗ ಬೈಕು ಎಡಕ್ಕೂ ಬಲಕ್ಕೂ ಹೊಯ್ದಾಡುತ್ತದೆಯೇ? ಗಾಡಿ ಹಳೆ ಬುಲೆಟ್ ಆಗಿರಲಿ, ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿ ಆಗಿರಲಿ, ಮೊದಲು ನೋಡಬೇಕಾದದ್ದು ಕೋನ್ ಸೆಟ್, ಅಂದರೆ ಹ್ಯಾಂಡಲ್, ಫೋರ್ಕ್ ತಿರುಗುವ ಬೇರಿಂಗ್. ಚಾಸಿಯ ಕತ್ತು ಅಂದರೆ ಮುಂತುದಿಯ ಕೊಳವೆ; ಅದರ ಮೇಲೊಂದು, ಕೆಳಗೊಂದು ಕಪ್. ಅವಕ್ಕೆ ಜೋಡಿಯಾಗಿ ಎರಡು ಕೋನ್. ನಡುವೆ ಉಕ್ಕಿನ ಬಿಡಿ ಗುಂಡುಗಳು. ಇಷ್ಟೇ ಅದರ ಸಂಸಾರ.

ಪರೀಕ್ಷೆ ಸುಲಭ. ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಅಡಿಗೆ ಮರದ ತುಂಡು ಕೊಟ್ಟು ಮುಂದಿನ ಚಕ್ರ ಎತ್ತಿ. ಹ್ಯಾಂಡಲನ್ನು ಎರಡೇ ಬೆರಳಲ್ಲಿ ನಿಧಾನ ತಿರುಗಿಸಿ. ನೇರಕ್ಕೆ ಬಂದಾಗ ಗುಳಿಗೆ ಬಿದ್ದಂತೆ ಹಿಡಿದುಕೊಂಡರೆ ಕಪ್ ಹೋಗಿದೆ. ಆಮೇಲೆ ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಆಟ, ಅಂದರೆ ಸಡಿಲು, ಇದ್ದರೆ ಅದು ಕತ್ತಿನದೋ, ಫೋರ್ಕ್ ಕಾಲಿನೊಳಗಿನ ಬುಶ್ಶಿನದೋ ಎಂದು ಬೇರೆ ಮಾಡಬೇಕು. ಕತ್ತಿನ ಕೆಳಗಿನ ಸಂದಿಗೆ ಬೆರಳಿಟ್ಟು ಇನ್ನೊಬ್ಬರಿಂದ ಅಲ್ಲಾಡಿಸಿದರೆ ಬೆರಳಿಗೇ ತಿಳಿಯುತ್ತದೆ.

ಗುಳಿ ಯಾಕೆ ನಡುವಿನಲ್ಲೇ ಬೀಳುತ್ತದೆ? ಓಡುವಷ್ಟು ಹೊತ್ತೂ ಹ್ಯಾಂಡಲ್ ಹೆಚ್ಚುಕಡಿಮೆ ನೇರವಾಗಿಯೇ ಇರುತ್ತದೆ. ಗುಂಡುಗಳು ಉರುಳದೆ ಒಂದೇ ಜಾಗದಲ್ಲಿ ನಡುಗಿ ನಡುಗಿ ಕಪ್ಪನ್ನು ಕೊರೆಯುತ್ತವೆ. ಗ್ರೀಸ್ ಇರುವ ತನಕ ಇದು ನಿಧಾನ. ಆದರೆ ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮುಂದಿನ ಚಕ್ರ ಎರಚುವ ಕೆಸರುನೀರು ಕೆಳಗಿನ ಕಪ್ಪಿಗೇ ಹೋಗಿ ಗ್ರೀಸ್ ತೊಳೆಯುತ್ತದೆ. ಮಿಕ್ಕದ್ದನ್ನು ಉಪ್ಪುಗಾಳಿ ನೋಡಿಕೊಳ್ಳುತ್ತದೆ. ಭಾರ ಹೊರುವುದೂ ಆ ಕೆಳಗಿನದೇ. ಗುಳಿ ಬಿದ್ದ ಮೇಲೆ ನಟ್ ಬಿಗಿ ಮಾಡಿ ಓಡಿಸುವುದು ರೋಗ ಮುಚ್ಚಿಡುವುದಷ್ಟೇ. ಗುಂಡು ಇನ್ನೂ ಆಳಕ್ಕೆ ಕೂರುತ್ತದೆ.

ಗುಂಡು ಮಾತ್ರ ಬದಲಿಸಿ ದುಡ್ಡು ಉಳಿಸಲು ಹೋಗಬೇಡಿ. ಕಪ್ಪು, ಕೋನು, ಗುಂಡು ಸೇರಿ ಪೂರ್ತಿ ಸೆಟ್ಟೇ ತನ್ನಿ. ನಾಲ್ಕೈದು ಗುಂಡು ಹೆಚ್ಚಿಗೆ ಇರಲಿ. ಹಳೆ ಬುಲೆಟ್ಟಿಗೆ ಕಾಲು ಇಂಚಿನ, ಅಂದರೆ 6.35 ಮಿಲಿಮೀಟರಿನ ಗುಂಡು, ಒಂದು ಕಪ್ಪಿಗೆ 19. ಹಳೆಯವನ್ನು ವರ್ನಿಯರ್‌ನಲ್ಲಿ ಅಳೆದು ಹೊಸವಕ್ಕೆ ಹೋಲಿಸಿ. ಗ್ರೀಸ್ ಮಾತ್ರ ನೀರಿಗೆ ತಡೆಯುವಂಥದ್ದೇ ಬೇಕು. ಬೋಟಿಗೆ ಬಳಸುವ ಮರೀನ್ ಗ್ರೀಸ್ ಈ ಕೆಲಸಕ್ಕೆ ಬಹಳ ಒಳ್ಳೆಯದು. ಬಂದರು ಇರುವ ಊರಿನವರು ಅದಕ್ಕೆ ಹುಬ್ಬಳ್ಳಿಗೆ ಹೋಗಬೇಕಾಗಿಲ್ಲ. ಹಳೆ ಗ್ರೀಸ್ ಪೂರಾ ತೊಳೆದು ಹೊಸದು ಹಾಕಿ, ಎರಡು ಜಾತಿ ಬೆರೆಸಬಾರದು.

ಬಿಚ್ಚುವ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ಬ್ಯಾಟರಿ ವೈರ್ ತೆಗೆಯಿರಿ, ಟ್ಯಾಂಕ್ ಇಳಿಸಿ, ಪೇಂಟ್ ಉಳಿಯಬೇಕಲ್ಲ. ಕೇಬಲ್, ಹೆಡ್‌ಲೈಟ್ ವೈರ್‌ಗಳ ಫೋಟೋ ಹೊಡೆದುಕೊಂಡು ಬಿಚ್ಚಿ. ಚಕ್ರ, ಮಡ್‌ಗಾರ್ಡ್, ಫೋರ್ಕ್ ಕಾಲುಗಳು ಹೊರಬಂದರೆ ಉಳಿದದ್ದು ಹಗುರ. ನೆಲಕ್ಕೆ ಹಳೆ ಚಾದರ ಹಾಸಿ, ಫೋರ್ಕ್ ಕಾಲುಗಳನ್ನು ಹಿಡಿಯುವ ಕೆಳಗಿನ ‘ಟಿ’ಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದೇ ಮೇಲಿನ ನಟ್ ಬಿಚ್ಚಿ. ಇಲ್ಲವಾದರೆ ಗುಂಡುಗಳು ಅಂಗಳವೆಲ್ಲ ಓಡುತ್ತವೆ. ಬಿದ್ದವನ್ನು ಎಣಿಸಿ, ಆದರೆ ಆ ಲೆಕ್ಕವನ್ನು ಪೂರ್ತಿ ನಂಬಬೇಡಿ. ಹಿಂದೆ ಬಿಚ್ಚಿದವರು ಒಂದೆರಡು ಕಳೆದಿರಬಹುದು.

ಕಪ್ ತೆಗೆಯಲು ಕತ್ತಿನ ಇನ್ನೊಂದು ತುದಿಯಿಂದ ಉದ್ದನೆಯ ಸರಳು ತೂರಿಸಿ, ಕಪ್ಪಿನ ಒಳ ಅಂಚಿಗೆ ಆನಿಸಿ, ಒಮ್ಮೆ ಈ ಬದಿ ಒಮ್ಮೆ ಆ ಬದಿ ಬಡಿಯಿರಿ. ಒಂದೇ ಬದಿ ಬಡಿದರೆ ಕಪ್ ಓರೆಯಾಗಿ ಕತ್ತಿನ ಒಳಮೈಯನ್ನೇ ಕೆರೆಯುತ್ತದೆ. ಸರಳಿಗೆ ಅಂಚೇ ಸಿಗದಿದ್ದರೆ ವೆಲ್ಡಿಂಗ್ ಗೊತ್ತಿದ್ದವರಿಂದ ಕಪ್ಪಿನ ಒಳಸುತ್ತಿಗೆ ಒಂದು ವೆಲ್ಡ್ ಗೆರೆ ಎಳೆಸಿ; ತಣಿಯುವಾಗ ಕಪ್ ಕುಗ್ಗಿ ಸಡಿಲಾಗುತ್ತದೆ. ಕೆಳಗಿನ ಕೋನನ್ನು ಸ್ಟೆಮ್ಮಿನಿಂದ, ಅಂದರೆ ‘ಟಿ’ಯ ನಡುಗಂಬದಿಂದ, ಚಾಣದಲ್ಲಿ ಸುತ್ತಲೂ ಸ್ವಲ್ಪ ಸ್ವಲ್ಪವೇ ಎಬ್ಬಿಸಬೇಕು.

ಹೊಸ ಸೆಟ್ಟು ಬಹಳ ಸಲ ಹಾಳಾಗುವುದು ರಸ್ತೆಯಲ್ಲಲ್ಲ, ಕೂರಿಸುವಾಗ. ಕತ್ತಿನೊಳಗಿನ ತುಕ್ಕು, ಪೇಂಟ್ ಕೆರೆದು ಮೈ ನಯ ಮಾಡಿ. ಕಪ್ಪುಗಳನ್ನು ರಾತ್ರಿ ಫ್ರೀಜರಿನಲ್ಲಿಟ್ಟರೆ ಒಂದಿಷ್ಟು ಕುಗ್ಗುತ್ತವೆ. ಹೊರಗೆ ತೆಗೆದ ಕೂಡಲೇ ಒರೆಸಿ ಎಣ್ಣೆ ಸವರಿ, ಕರಾವಳಿಯ ತೇವದ ಗಾಳಿಗೆ ಅವು ಬೆವರುತ್ತವೆ. ಸುತ್ತಿಗೆಯ ಬದಲು 12 ಮಿಲಿಮೀಟರಿನ ಥ್ರೆಡ್ ರಾಡ್ ಸುಮಾರು ಒಂದಡಿ, ಎರಡು ದಪ್ಪ ವಾಶರ್, ಎರಡು ನಟ್ ತನ್ನಿ. ರಾಡನ್ನು ಕತ್ತಿನೊಳಗೆ ತೂರಿಸಿ, ಎರಡೂ ಕಡೆ ವಾಶರ್ ಇಟ್ಟು ನಟ್ ತಿರುಗಿಸುತ್ತ ಹೋದರೆ ಕಪ್ ನೆಟ್ಟಗೆ ಒಳಹೋಗುತ್ತದೆ. ವಾಶರ್ ಕಪ್ಪಿನ ಹೊರ ಅಂಚಿಗೆ ಮಾತ್ರ ತಾಗಬೇಕು, ಗುಂಡು ಓಡುವ ದಾರಿಗೆ ತಾಗಬಾರದು. ಕೊನೆಗೆ ಸಂದಿ ಅಳೆಯುವ ತೆಳು ಪಟ್ಟಿ, 0.05 ಮಿಲಿಮೀಟರಿನ ಫೀಲರ್ ಗೇಜ್, ಕಪ್ಪಿನಡಿಗೆ ಎಲ್ಲಿಯೂ ತೂರಬಾರದು. ತೂರಿದರೆ ಕಪ್ ಕೂತಿಲ್ಲ; ಘಟ್ಟದಲ್ಲಿ ನಾಲ್ಕು ಹೊಂಡ ಹಾರಿದ ಮೇಲೆ ತಾನೇ ಕೂತು ಆಟ ಬರುತ್ತದೆ.

ಕಪ್ಪಿಗೆ ಗ್ರೀಸ್ ತುಂಬಿ ಗುಂಡುಗಳನ್ನು ಒಂದೊಂದಾಗಿ ಅಂಟಿಸಿ. ಸುತ್ತು ತುಂಬಿದ ಮೇಲೆ ಸ್ವಲ್ಪ ಖಾಲಿ ಜಾಗ ಉಳಿಯಬೇಕು. ಒತ್ತಿ ತುರುಕಿದರೆ ಒಂದಕ್ಕೊಂದು ಉಜ್ಜಿ ಸಿಕ್ಕಿಕೊಳ್ಳುತ್ತವೆ.

ಗುಂಡಿನ ಬದಲು ಓರೆ ಉರುಳೆಗಳಿರುವ ಟೇಪರ್ ರೋಲರ್ ಬೇರಿಂಗ್ ಹಾಕಬಾರದೇ ಎಂದು ಕೆಲವರು ಕೇಳುತ್ತಾರೆ. ಹಾಕಬಹುದು. ಆದರೆ ಅದರ ಎತ್ತರ ಬೇರೆಯಾಗಿ ಮೇಲಿನ ನಟ್ಟಿಗೆ ಥ್ರೆಡ್ ಸಾಲದಾಗಬಹುದು, ಹ್ಯಾಂಡಲ್ ಲಾಕ್ ಕೂಡದಿರಬಹುದು. ಅರವತ್ತರ ವೇಗದ ಗಾಡಿಗೆ ಗ್ರೀಸ್ ಇರುವ ಗುಂಡೇ ಸಾಕು ಎಂಬುದು ನನ್ನ ಅಭಿಪ್ರಾಯ.

ಹದ ಮಾಡುವಾಗ ಅವಸರ ಬೇಡ. ಹುಕ್ ಸ್ಪ್ಯಾನರಿನಿಂದ ನಟ್ ಬಿಗಿ ಮಾಡಿ, ಆ ತುದಿಯಿಂದ ಈ ತುದಿಗೆ ಐದಾರು ಸಲ ತಿರುಗಿಸಿ, ಪೂರ್ತಿ ಸಡಿಲಿಸಿ, ಮತ್ತೆ ಆಟ ಹೋಗುವಷ್ಟೇ ಬಿಗಿ ಮಾಡಿ. ಲಾಕ್ ನಟ್ ಬಿಗಿಯುವಾಗ ಹದ ಬದಲಾಗುತ್ತದೆ, ಆದ್ದರಿಂದ ಅದಾದ ಮೇಲೆ ಇನ್ನೊಮ್ಮೆ ನೋಡಿ. ಕೇಬಲ್ ಜೋಡಿಸುವ ಮೊದಲೇ ನೋಡಬೇಕು, ಅವು ಎಳೆದು ಸುಳ್ಳು ಹೇಳುತ್ತವೆ. ನೇರವಿದ್ದ ಫೋರ್ಕನ್ನು ಬೆರಳಿಂದ ಸ್ವಲ್ಪ ತಳ್ಳಿದರೆ ತನ್ನ ಭಾರಕ್ಕೇ ತುದಿಯವರೆಗೆ ಬೀಳಬೇಕು, ಅಲ್ಲಾಡಿಸಿದರೆ ಆಟ ಇರಬಾರದು. ಹೆಚ್ಚು ಬಿಗಿಯಾದರೆ ನಿಧಾನದಲ್ಲಿ ಹೊಯ್ದಾಟ, ಸಡಿಲಾದರೆ ಬ್ರೇಕಿನಲ್ಲಿ ‘ಟಕ್’.

ಸುಮಾರು 300 ಕಿಲೋಮೀಟರ್ ಓಡಿದ ಮೇಲೆ ಆಟ ಬಂದಿದೆಯೇ ಎಂದು ನೋಡಿ. ಹಳೆ ಸೈಕಲ್ ಟ್ಯೂಬಿನ ಒಂದು ಪಟ್ಟಿಯನ್ನು ಕೆಳಗಿನ ಕಪ್ಪಿನ ಸಂದಿಗೆ ಸುತ್ತಿದರೆ ಕೆಸರು ತಡೆಯುತ್ತದೆ. ವಾಟರ್ ಸರ್ವಿಸ್ ಮಾಡಿಸುವಾಗ ಆ ಜಾಗಕ್ಕೆ ಪೈಪ್ ಹಿಡಿಯಬೇಡಿ ಎಂದು ಹುಡುಗರಿಗೆ ಮೊದಲೇ ಹೇಳಿ.

ಇನ್ನು ರಸ್ತೆಗೆ ಇಳಿಯುವ ಮೊದಲು ಎಂಜಿನ್ ಚಾಲೂ ಇಟ್ಟು ಹ್ಯಾಂಡಲನ್ನು ಎರಡೂ ತುದಿಗೆ ತಿರುಗಿಸಿ. ಎಂಜಿನ್ ಸದ್ದು ತಾನಾಗಿ ಏರಿದರೆ ಆಕ್ಸಿಲರೇಟರ್ ಕೇಬಲ್ ಎಲ್ಲೋ ಸಿಕ್ಕಿಕೊಂಡಿದೆ. ಅದರ ದಾರಿ ಸರಿಮಾಡಿ, ಬ್ರೇಕ್ ಕೇಬಲ್ ಹದ ನೋಡಿ, ಆಮೇಲೆ ಗಾಡಿ ಹೊರಗೆ ತೆಗೆಯಿರಿ. ನಮಸ್ಕಾರ.