ಮೆಗಿದ್ದೋ ದಿಬ್ಬ ಮತ್ತು ಆರ್ಮಗೆಡ್ಡನ್

ನಮಸ್ಕಾರ ಕೇಳುಗರೇ.

ಅಣುಬಾಂಬಿನ ಮಾತು ಬಂತು ಅಂದರೆ ಸಾಕು, ಇಂಗ್ಲಿಷಿನಲ್ಲಿ ಒಂದು ಪದ ತಾನಾಗಿಯೇ ಹಾಜರಾಗುತ್ತದೆ: ಆರ್ಮಗೆಡ್ಡನ್. 1945ರ ಸೆಪ್ಟೆಂಬರ್ 2ರಂದು ಜಪಾನ್ ಶರಣಾಯಿತಲ್ಲ, ಅವತ್ತು ಅಮೆರಿಕದ ಜನರಲ್ ಮೆಕಾರ್ಥರ್ ರೇಡಿಯೋದಲ್ಲಿ ಮಾತಾಡುತ್ತಾ, ಈಗಲೂ ಒಳ್ಳೆಯ ದಾರಿ ಹುಡುಕದಿದ್ದರೆ ಆರ್ಮಗೆಡ್ಡನ್ ನಮ್ಮ ಬಾಗಿಲಿಗೇ ಬರುತ್ತದೆ ಎಂದರು. 2022ರ ಅಕ್ಟೋಬರ್‌ನಲ್ಲಿ, ಉಕ್ರೇನ್ ಯುದ್ಧದ ನಡುವೆ, ಅಮೆರಿಕದ ಅಧ್ಯಕ್ಷ ಬೈಡನ್ ಬಾಯಲ್ಲೂ ಇದೇ ಪದ.

ಸರ್ವನಾಶ, ಲೋಕದ ಕೊನೆ ಅಂತ ನಾವು ಅರ್ಥ ಮಾಡಿಕೊಳ್ಳುತ್ತೇವೆ. ಆದರೆ ಇದು ಅಸಲಿಗೆ ಒಂದು ಜಾಗದ ಹೆಸರು. ಇಡೀ ಬೈಬಲಿನಲ್ಲಿ ಬರುವುದು ಒಂದೇ ಒಂದು ಸಲ, ಕೊನೆಯ ಪುಸ್ತಕವಾದ ಪ್ರಕಟನೆಯ 16ನೇ ಅಧ್ಯಾಯ, 16ನೇ ವಚನದಲ್ಲಿ. ಹೀಬ್ರೂ ಭಾಷೆಯಲ್ಲಿ ಈ ಹೆಸರಿರುವ ಜಾಗದಲ್ಲಿ ರಾಜರನ್ನೆಲ್ಲ ಒಟ್ಟುಗೂಡಿಸಲಾಯಿತು, ಅಷ್ಟೇ. ಆ ವಚನದಲ್ಲಿ ಒಂದು ಕತ್ತಿಯೂ ಮೇಲೇಳುವುದಿಲ್ಲ! ಮುಂದೆ ಜಾಗದ ಹೆಸರು ಯುದ್ಧದ ಹೆಸರಾಯಿತು, ಯುದ್ಧದ ಹೆಸರು ಪ್ರಳಯದ ಹೆಸರಾಯಿತು. ಅಣ್ಣತಮ್ಮಂದಿರು ಆಸ್ತಿಗೆ ಕಿತ್ತಾಡಿದರೆ ನಾವು ಮನೆ ಕುರುಕ್ಷೇತ್ರ ಆಗಿದೆ ಅನ್ನುತ್ತೇವೆ, ಅಲ್ವಾ? ಹರಿಯಾಣದ ಊರು ಯಾರ ತಲೆಗೂ ಬರುವುದಿಲ್ಲ. ಹಾಗೇ ಇದು.

ಸಾಮಾನ್ಯವಾಗಿ ವಿದ್ವಾಂಸರು ಈ ಹೆಸರನ್ನು ಹರ್ ಮೆಗಿದ್ದೋ, ಅಂದರೆ ಮೆಗಿದ್ದೋ ಬೆಟ್ಟ, ಎಂದು ಬಿಡಿಸುತ್ತಾರೆ. ತಮಾಷೆ ಏನೆಂದರೆ ಅಲ್ಲಿ ಬೆಟ್ಟವೇ ಇಲ್ಲ. ಇಂದಿನ ಇಸ್ರೇಲಿನ ಉತ್ತರ ಭಾಗದಲ್ಲಿ, ಇಜ್ರೇಲ್ ಕಣಿವೆಯ ಅಂಚಿನಲ್ಲಿ, ಒಂದು ದಿಬ್ಬ ಇದೆ. ಅದೂ ಮನುಷ್ಯರೇ ಎಬ್ಬಿಸಿದ್ದು. ಒಂದು ಊರು ಬಿದ್ದು, ಅದರ ಮಣ್ಣಿನ ಮೇಲೆ ಇನ್ನೊಂದು ಊರು ಎದ್ದು, ಹೀಗೆ 20ಕ್ಕೂ ಜಾಸ್ತಿ ಪದರ. ದಿಬ್ಬವನ್ನು ಸೀಳಿದ ಅಗೆತದ ಗುಂಡಿಯ ಅಂಚಿನಲ್ಲಿ ನಿಂತರೆ ಕಲ್ಲು, ಸುಟ್ಟ ಮಣ್ಣು, ಮತ್ತೆ ಕಲ್ಲು ಅಂತ ಒಂದರ ಕೆಳಗೊಂದು ಕಾಣುತ್ತವೆ. ಬಂಡೆ ಕೊರೆದು ಊರಿನೊಳಗಿಂದ ಹೊರಗಿನ ಊಟೆಗೆ ಮಾಡಿದ ನೀರಿನ ಸುರಂಗವೂ ಇದೆ. ಮುತ್ತಿಗೆ ಬಿದ್ದಾಗ ನೀರಿಗೆ ಕೋಟೆ ಬಿಟ್ಟು ಹೋಗಬಾರದಲ್ಲ. 2005ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಲೋಕದ ಕೊನೆಗೆ ಈ ಜಾಗವೇ ಯಾಕೆ ಬೇಕಾಯಿತು? ನನಗನ್ನಿಸುವ ಮಟ್ಟಿಗೆ ಇದಕ್ಕೆ ಕಾರಣ ಒಂದು ದಾರಿ. ಈಜಿಪ್ಟಿನಿಂದ ಸಿರಿಯಾ ಕಡೆಗೆ ಹೋಗುವ ಹೆದ್ದಾರಿ ಗುಡ್ಡಗಳ ನಡುವಿನ ಇಕ್ಕಟ್ಟಿನಿಂದ ಹೊರಬಿದ್ದು ಬಯಲಿಗೆ ಇಳಿಯುವುದು ಇಲ್ಲೇ. ಮೆಗಿದ್ದೋ ಹಿಡಿದವನ ಕೈಯಲ್ಲಿ ದಾರಿ. ಸುಮಾರು 3,500 ವರ್ಷಗಳ ಹಿಂದೆ ಈಜಿಪ್ಟಿನ ಮೂರನೇ ಥಟ್‌ಮೋಸ್, ಬೇಡ ಸ್ವಾಮಿ ಎಂದು ಸೇನಾಪತಿಗಳು ಹೇಳಿದರೂ ಕೇಳದೆ, ಆ ಇಕ್ಕಟ್ಟಿನಲ್ಲೇ ಸೈನ್ಯ ನುಗ್ಗಿಸಿ ಗೆದ್ದ. ಸಿಕ್ಕ 924 ರಥಗಳ ಲೆಕ್ಕ ಕರ್ನಾಕ್ ದೇವಾಲಯದ ಗೋಡೆಯ ಮೇಲಿದೆ. ಕ್ರಿ.ಪೂ. 609ರಲ್ಲಿ ಯೆಹೂದ್ಯರ ರಾಜ್ಯವಾದ ಯೆಹೂದದ ಒಳ್ಳೆಯ ರಾಜ ಯೋಷೀಯ ಇಲ್ಲೇ ಪೆಟ್ಟು ತಿಂದು ಸತ್ತ. ಅಂಥ ನೆನಪುಗಳಿರುವ ಜನಕ್ಕೆ ಕೊನೆಯ ಯುದ್ಧಕ್ಕೆ ಬೇರೆ ಬಯಲು ಹೊಳೆಯುವುದು ಕಷ್ಟ.

ಈಗ ನಮ್ಮವರ ವಿಷಯ. ಮೊದಲ ಮಹಾಯುದ್ಧದ ಕೊನೆಗೆ, 1918ರ ಸೆಪ್ಟೆಂಬರ್‌ನಲ್ಲಿ, ಬ್ರಿಟಿಷ್ ಜನರಲ್ ಅಲೆನ್‌ಬಿ ಇಲ್ಲಿ ತುರ್ಕಿ ಸೈನ್ಯವನ್ನು ಸೋಲಿಸಿದ. ಅವನ ಕುದುರೆ ಪಡೆಯ ಒಂದು ಭಾಗ ಥಟ್‌ಮೋಸ್ ನುಗ್ಗಿದ ಅದೇ ಇಕ್ಕಟ್ಟಿನಲ್ಲಿ ಹಾದುಬಂತು. ಅದೇ ಕಾರ್ಯಾಚರಣೆಯಲ್ಲಿ, ಸೆಪ್ಟೆಂಬರ್ 23ರಂದು, ನಮ್ಮ ಸಂಸ್ಥಾನಗಳ ಕುದುರೆ ಪಡೆಗಳಾದ ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಹೈಫಾ ಪಟ್ಟಣ ಹಿಡಿದರು. ಎದುರಿಗೆ ಮೆಷಿನ್ ಗನ್, ಇವರ ಕೈಯಲ್ಲಿ ಭರ್ಜಿ. ಮೈಸೂರಿನವರು ಕಾರ್ಮೆಲ್ ಬೆಟ್ಟದ ಕಡಿದಾದ ಮೈ ಹತ್ತಿ ಮೇಲಿದ್ದ ಫಿರಂಗಿಗಳಿಗೆ ಮುಗಿಬಿದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ಬಸ್ಸಿನಲ್ಲಿ ಹಾದುಹೋಗುವವರು ಅದರ ಕಡೆ ನೋಡುವುದು ಕಡಿಮೆ.

ಈ ಕಾಳಗಗಳಿಗೆಲ್ಲ ಸೇರಿ ಮೆಗಿದ್ದೋ ಯುದ್ಧ ಎಂದು ಹೆಸರು. ದಿಬ್ಬದ ಹತ್ತಿರ ನಡೆದ ಹೊಡೆದಾಟ ಕಡಿಮೆಯೇ. ಆದರೂ ಅಲೆನ್‌ಬಿಗೆ ಆ ಹೆಸರೇ ಬೇಕಿತ್ತು. ಮುಂದೆ ತನಗೆ ಬಂದ ವೈಕೌಂಟ್ ಎಂಬ ಬ್ರಿಟಿಷ್ ಬಿರುದಿಗೂ ಅದನ್ನೇ ಸೇರಿಸಿಕೊಂಡ. ಬೈಬಲ್ ಓದಿ ಬೆಳೆದ ಇಂಗ್ಲಿಷರಿಗೆ ಆ ಹೆಸರಿನ ತೂಕ ಗೊತ್ತಿತ್ತು ನೋಡಿ.

ಇತ್ತೀಚೆಗೆ ಆ ತೂಕ ಇಳಿದಿದೆ. ಪದದ ಬಾಲ ಮಾತ್ರ ಕತ್ತರಿಸಿ ಎಲ್ಲದಕ್ಕೂ ಅಂಟಿಸುತ್ತಾರೆ. 2010ರಲ್ಲಿ ವಾಷಿಂಗ್ಟನ್‌ನಲ್ಲಿ ವಿಪರೀತ ಹಿಮ ಬಿದ್ದಾಗ ಅದು ಸ್ನೋಮಗೆಡ್ಡನ್ ಆಯಿತು. 2011ರ ಜುಲೈನಲ್ಲಿ ಲಾಸ್ ಏಂಜಲಿಸ್‌ನ ಒಂದು ದೊಡ್ಡ ಹೆದ್ದಾರಿಯನ್ನು ವಾರಾಂತ್ಯಕ್ಕೆ ಮುಚ್ಚುತ್ತಾರೆ ಎಂದಾಗ ಪತ್ರಿಕೆಗಳೆಲ್ಲ ಕಾರ್ಮಗೆಡ್ಡನ್ ಬಂತು ಎಂದು ಬೊಬ್ಬೆ ಹೊಡೆದವು. ಹೆದರಿದ ಜನ ಕಾರು ಹೊರಗೆ ತೆಗೆಯಲೇ ಇಲ್ಲ. ಆ ಎರಡು ದಿನ ಊರಿನ ರಸ್ತೆಗಳಲ್ಲಿ ಟ್ರಾಫಿಕ್ ಎಂದಿಗಿಂತ ಕಡಿಮೆ ಇತ್ತು.

ನಮಸ್ಕಾರ.