ಮಾಂ ಬ್ಲಾಂ: ದೂರದರ್ಶಕ ಕಂಡ ಸತ್ಯ

[ದೃಶ್ಯ: ಶಮೊನಿ ಕಣಿವೆಯಿಂದ ಕಾಣುವ ಶಿಖರ]

ನಮಸ್ಕಾರ. ಆಲ್ಪ್ಸ್‌ನ ಅತ್ಯುನ್ನತ ಶಿಖರವಾದ ಮಾಂ ಬ್ಲಾಂ 4,800 ಮೀಟರ್‌ಗೂ ತುಸು ಹೆಚ್ಚು ಎತ್ತರವಿದೆ. 1786ರ ಆಗಸ್ಟ್ 8ರಂದು ಅದನ್ನು ಮೊದಲು ಏರಿದವರು ಇಬ್ಬರು. ಆದರೆ ಬಹುಕಾಲ ಲೋಕ ಕೊಂಡಾಡಿದ್ದು ಒಬ್ಬನನ್ನೇ. ಹೀಗೇಕಾಯಿತು?

ಜಿನೀವಾದ ವಿಜ್ಞಾನಿ ಸೊಸ್ಯೂರ್ 1760ರಲ್ಲೇ ಶಿಖರದ ದಾರಿ ಕಂಡುಹಿಡಿದವರಿಗೆ ಬಹುಮಾನ ಘೋಷಿಸಿದ್ದರು. ಕೊನೆಗೆ ಅದನ್ನು ಸಾಧಿಸಿದವರು ಶಮೊನಿಯ ವೈದ್ಯ ಪಕಾರ್ ಮತ್ತು ಬೆಟ್ಟಗಳಲ್ಲಿ ಸ್ಫಟಿಕ ಹುಡುಕುತ್ತಿದ್ದ ಬಾಲ್ಮಾ. ಅವರ ಬಳಿ ಹಗ್ಗವಿರಲಿಲ್ಲ, ಮಂಜುಗೊಡಲಿಯೂ ಇರಲಿಲ್ಲ. ಹಿಮದ ಬಿರುಕು ಎದುರಾದಾಗ ಉದ್ದನೆಯ ಕೋಲುಗಳನ್ನು ಅಡ್ಡಲಾಗಿ ಇಟ್ಟು ದಾಟುತ್ತಿದ್ದರು. ವೈದ್ಯರು ವಾಯುಭಾರಮಾಪಕವನ್ನೂ ಒಯ್ದಿದ್ದರು ಎಂಬುದು ನನಗೆ ಬಹಳ ಮುಖ್ಯವೆನಿಸುತ್ತದೆ, ಏಕೆಂದರೆ ಆಮೇಲೆ ಹಬ್ಬಿದ ಕಥೆ ಹೇಳುವಂತೆ ಬಾಲ್ಮಾ ಎಳೆದೊಯ್ಯಬೇಕಾದ ಹೊರೆಯಂತಿದ್ದವರು ಶಿಖರದಲ್ಲಿ ಅಳತೆ ಮಾಡುವ ಉಮೇದು ಇಟ್ಟುಕೊಂಡು ಹೊರಡುವುದಿಲ್ಲ.

[ದೃಶ್ಯ: ದೂರದರ್ಶಕದ ವೃತ್ತದಲ್ಲಿ ಎರಡು ಕಪ್ಪು ಚುಕ್ಕೆಗಳು]

ಆದರೆ ಕಥೆ ಹಬ್ಬಿದ್ದು ಹಾಗೆಯೇ. ಪಕಾರ್ ಏದುಸಿರು ಬಿಡುತ್ತ ಹಿಂದುಳಿದರು, ತಾನೊಬ್ಬನೇ ತುದಿ ಮುಟ್ಟಿ, ಮರಳಿ ಬಂದು ಅವರನ್ನು ಮೇಲಕ್ಕೆ ಕರೆದೊಯ್ದೆ ಎಂದು ಬಾಲ್ಮಾ 1832ರಲ್ಲಿ ಕಾದಂಬರಿಕಾರ ಡ್ಯೂಮಾ ಅವರಿಗೆ ಹೇಳಿದ. ಅಲ್ಲಗಳೆಯಲು ಪಕಾರ್ ಬದುಕಿರಲಿಲ್ಲ, 1827ರಲ್ಲೇ ತೀರಿಕೊಂಡಿದ್ದರು. ಸತ್ಯಕ್ಕೆ ಸಾಕ್ಷಿ ಸಿಕ್ಕಿದ್ದು ಬೆಟ್ಟ ಹತ್ತದೆ ಕಣಿವೆಯಲ್ಲೇ ನಿಂತಿದ್ದವರಿಂದ. ಜರ್ಮನ್ ಬ್ಯಾರನ್ ಗೆರ್ಸ್‌ಡಾರ್ಫ್ ಅಂದು ಶಮೊನಿಯಿಂದ ದೂರದರ್ಶಕದಲ್ಲಿ ನೋಡುತ್ತ, ಇಬ್ಬರೂ ಸಾಗಿದ ದಾರಿಯನ್ನು ಚಿತ್ರಿಸಿ, ಗಡಿಯಾರ ನೋಡಿ ವೇಳೆಯನ್ನು ಬರೆದುಕೊಂಡಿದ್ದರು: ಇಬ್ಬರೂ ಶಿಖರ ಮುಟ್ಟಿದ್ದು ಸಂಜೆ 6 ಗಂಟೆ 23 ನಿಮಿಷಕ್ಕೆ. ಯಾರ ಪರವೂ ವಕಾಲತ್ತು ವಹಿಸದ, ಅಂದಂದೇ ಬರೆದಿಟ್ಟ ಆ ಟಿಪ್ಪಣಿಗಳು ನಲವತ್ತಾರು ವರ್ಷಗಳ ನಂತರದ ನೆನಪಿಗಿಂತ ಎಷ್ಟೋ ನಂಬಲರ್ಹ. ಅವು ಬಹುಕಾಲ ಜನರ ಕಣ್ಣಿಗೆ ಬೀಳದೆ ಉಳಿದದ್ದರಿಂದ ಪಕಾರ್‌ಗೆ ಘೋರ ಅನ್ಯಾಯವಾಯಿತು. 1887ರಲ್ಲಿ ಶಮೊನಿಯಲ್ಲಿ ನಿಲ್ಲಿಸಿದ ಸ್ಮಾರಕದಲ್ಲಿ ಬಾಲ್ಮಾ ಇದ್ದಾನೆ, ಸೊಸ್ಯೂರ್ ಇದ್ದಾರೆ, ಪಕಾರ್ ಇಲ್ಲ. ಅವರಿಗೆ ಅಲ್ಲಿ ಪ್ರತಿಮೆ ದೊರೆತದ್ದು ದ್ವಿಶತಮಾನೋತ್ಸವದ ವರ್ಷವಾದ 1986ರಲ್ಲಿ.

ಸಮಯ ಕಡಿಮೆಯಿರುವುದರಿಂದ ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ. 1787ರಲ್ಲಿ ಸೊಸ್ಯೂರ್ ಸ್ವತಃ ಹದಿನೆಂಟು ಮಾರ್ಗದರ್ಶಿಗಳೊಡನೆ ಶಿಖರವೇರಿ, ಗಂಟೆಗಟ್ಟಲೆ ಅಲ್ಲಿಯೇ ಇದ್ದು ಪ್ರಯೋಗಗಳನ್ನು ನಡೆಸಿದರು. 1808ರಲ್ಲಿ ಶಮೊನಿಯ ಮಾರಿ ಪಾರಾಡಿಸ್ ಅಲ್ಲಿಗೆ ತಲುಪಿದ ಮೊದಲ ಮಹಿಳೆಯಾದರು. 1838ರಲ್ಲಿ ಹೆನ್ರಿಯೆಟ್ ದಾಂಜೆವಿಲ್ ತಾವೇ ಸಿದ್ಧತೆ ಮಾಡಿಕೊಂಡು, ಮಾರ್ಗದರ್ಶಿಗಳನ್ನು ಗೊತ್ತುಮಾಡಿ ಅದೇ ಶಿಖರವನ್ನು ಏರಿದರು.